ಕೂಗುವ ಹೆಸರು ಮೊದಲು, ಬರೆಯುವ ಹೆಸರು ಆಮೇಲೆ: ಕೊಡಗಿನಲ್ಲಿ ಮಗುವಿಗೆ ಹೆಸರಿಡುವವರಿಗೊಂದು ಮಾರ್ಗದರ್ಶಿ

ಜೂನ್ ಮೊದಲ ವಾರ. ಮಳೆ ಹಿಡಿದಿತ್ತು. ಗೋಡೆಗೆ ಒರಗಿಸಿಟ್ಟ ಪುಟ್ಟ ಪುಟ್ಟ ಕೊಡೆಗಳಿಂದ ನೀರಿಳಿದು ಒಂದನೇ ತರಗತಿಯ ನೆಲವೆಲ್ಲ ಒದ್ದೆ. ಹಾಜರಿ ಪುಸ್ತಕ ತೆರೆದು ಒಂದು ಹೆಸರು ಕೂಗಿದೆ. ಸದ್ದಿಲ್ಲ. ಇನ್ನೊಮ್ಮೆ ಕೂಗಿದೆ. ಮೂರನೇ ಸಾಲಿನ ಹುಡುಗ ಪಕ್ಕದವನ ಮುಖ ನೋಡಿದ, ಯಾರಪ್ಪಾ ಅದು ಅನ್ನುವ ಹಾಗೆ. ತಲೆ ಎಣಿಸಿದರೆ ಲೆಕ್ಕ ಸರಿಯಾಗಿದೆ, ಯಾರೂ ತಪ್ಪಿಸಿಕೊಂಡಿಲ್ಲ. ಕೊನೆಗೆ ನಾಲ್ಕನೇ ತರಗತಿಯಲ್ಲಿದ್ದ ಅವನ ಅಕ್ಕನನ್ನು ಕರೆಸಿದೆ. "ಟೀಚರ್, ಅವ ಕುಟ್ಟು. ಆ ಹೆಸರಲ್ಲಿ ಮನೇಲಿ ಯಾರೂ ಕರೆಯಲ್ಲ" ಅಂದಳು. ಆರು ವರ್ಷದ ಹುಡುಗನ ಕಿವಿಗೆ ಅವನದೇ ಹೆಸರು ಬಿದ್ದದ್ದು ಹೆಚ್ಚು ಕಡಿಮೆ ಅದೇ ಮೊದಲು.

ಕೊಡಗಿನ ಶಾಲೆಗಳಲ್ಲಿ ಬಹಳ ವರ್ಷ ದಾಖಲಾತಿ ಪುಸ್ತಕ ಬರೆದವಳು ನಾನು. ಈಗ ನಿವೃತ್ತಿಯಾಗಿದೆ. ಆದರೂ ಊರಲ್ಲಿ ಯಾರಿಗಾದರೂ ಹೆರಿಗೆಯಾದರೆ, "ಟೀಚರೇ, ಒಂದು ಹೆಸರು ಹೇಳಿ" ಎಂದು ಫೋನು ಬರುತ್ತದೆ. ಹೆಸರು ನಾನು ಹೇಳುವುದಿಲ್ಲ. ಅದು ಅಪ್ಪ ಅಮ್ಮನ ಕೆಲಸ. ಆದರೆ ಯಾವ ಕ್ರಮದಲ್ಲಿ ಯೋಚಿಸಬೇಕು, ಎಲ್ಲಿ ಎಡವುತ್ತಾರೆ ಅನ್ನುವುದನ್ನು ಹೇಳಬಲ್ಲೆ. ಇಲ್ಲಿ ಬರೆಯುತ್ತಿರುವುದು ಅದನ್ನೇ.

ಮೊದಲ ಹೆಜ್ಜೆ: ಕೂಗುವ ಹೆಸರು

ಎಲ್ಲರೂ ಮಾಡುವುದು ಇದಕ್ಕೆ ತಿರುಗುಮುರುಗು. ಫೋನಿನಲ್ಲಿ ಹುಡುಕಿ ನಾಲ್ಕಕ್ಷರದ ಸಂಸ್ಕೃತ ಹೆಸರೊಂದನ್ನು ತೆಗೆಯುತ್ತಾರೆ, ಕೇಕಿನ ಮೇಲೆ ಬರೆಸುತ್ತಾರೆ, ಮಾರನೇ ದಿನದಿಂದ ಮಗುವನ್ನು "ಪುಟ್ಟು" ಅನ್ನುತ್ತಾರೆ. ಬರೆಯುವ ಹೆಸರು ವರ್ಷಕ್ಕೆ ನಾಲ್ಕು ಸಲ ಬೇಕಾದೀತು. ಕೂಗುವ ಹೆಸರು ದಿನಕ್ಕೆ ನಲವತ್ತು ಸಲ ಬೇಕು. ಹೆಚ್ಚು ಬಳಕೆಯಾಗುವುದನ್ನು ಮೊದಲು ಆರಿಸಿ, ಅದರೊಳಗಿಂದ ಅಥವಾ ಅದರ ಸುತ್ತ ದೊಡ್ಡ ಹೆಸರು ಕಟ್ಟಿ.

ನೀವು ಆರಿಸದಿದ್ದರೆ ಬೇರೆಯವರು ಆರಿಸುತ್ತಾರೆ. 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿದ ಕೊಡಂದೇರ ಮಾದಪ್ಪ ಕಾರ್ಯಪ್ಪನವರನ್ನು ನೆಂಟರು ಕರೆಯುತ್ತಿದ್ದದ್ದು 'ಚಿಮ್ಮ' ಎಂದು. ಸೈನ್ಯಕ್ಕೆ ಹೋದ ಮೇಲೆ, ಕಾರ್ಯಪ್ಪ ಎನ್ನಲು ನಾಲಿಗೆ ತಿರುಗದ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿ 'ಕಿಪ್ಪರ್' ಅಂದರಂತೆ. ಕಿಪ್ಪರ್ ಎಂದರೆ ಹೊಗೆಯಲ್ಲಿ ಒಣಗಿಸಿದ ಮೀನು! ಫೀಲ್ಡ್ ಮಾರ್ಷಲ್ ಆದರೂ ಆ ಮೀನು ಬಿಡಲಿಲ್ಲ. ಜನರಲ್ ತಿಮ್ಮಯ್ಯನವರಿಗೆ ಅದೃಷ್ಟ ಚೆನ್ನಾಗಿತ್ತು ಅನ್ನಬೇಕು. ಸೈನ್ಯದಲ್ಲಿ ಅವರು 'ಟಿಮ್ಮಿ' ಆದರು, ಅದರಲ್ಲಿ ತಿಮ್ಮಯ್ಯನ ತಿಮ್ಮ ಉಳಿದುಕೊಂಡ.

ಕೊಡಗಿನಲ್ಲಿ ಚಿಕ್ಕ ಹೆಸರು ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ತಾತನ ಹೆಸರನ್ನು ಮೊಮ್ಮಗನಿಗೆ, ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿ ಇಲ್ಲಿ ಬಲವಾಗಿದೆ. ಹಾಗಾಗಿ ಒಂದೇ ಒಕ್ಕದಲ್ಲಿ, ಅಂದರೆ ಒಂದೇ ಮೂಲದ ಕುಟುಂಬದಲ್ಲಿ, ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸುಗ್ಗಿಹಬ್ಬ ಪುತ್ತರಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ ಅಂಗಳದಲ್ಲಿ ನಿಂತು "ತಿಮ್ಮಯ್ಯಾ" ಎಂದು ಕೂಗಿದರೆ ಮೂರು ತಲೆ ತಿರುಗುತ್ತವೆ, ಒಂದು ನರೆತದ್ದು, ಒಂದು ಕಪ್ಪು, ಒಂದು ಇನ್ನೂ ಸೊಂಟದೆತ್ತರ. ಅವರನ್ನು ಬೇರೆ ಮಾಡುವುದು ಕೂಗುವ ಹೆಸರೇ.

ಅದನ್ನು ಪರೀಕ್ಷಿಸುವುದು ಹೇಗೆ? ಕೂತು ಯೋಚಿಸಬೇಡಿ, ಎದ್ದು ನಿಂತು ಕೂಗಿ. ಅಡುಗೆಮನೆಯ ಹಿಂಬಾಗಿಲಿಂದ ಕಾಫಿ ಕಣದ ಆ ತುದಿಗೆ ಕೇಳಬೇಕು. ಕಕ್ಕಡ ತಿಂಗಳ ಮಳೆ ಶೀಟಿನ ಮಾಡಿನ ಮೇಲೆ ಬೀಳುವಾಗಲೂ ಕೇಳಬೇಕು. ಕನ್ನಡದಲ್ಲಾಗಲಿ, ಕೊಡವ ತಕ್ಕ್‌ನಲ್ಲಾಗಲಿ, ಅರೆಭಾಷೆಯಲ್ಲಾಗಲಿ ನಾವು ಕೂಗುವುದು ಕೊನೆಯ ಸ್ವರವನ್ನು ಎಳೆದು: ತಿಮ್ಮೂ... ಕಾವೇರೀ... ಮುತ್ತಾ... ಈಗಿನ ಹೆಸರುಗಳಲ್ಲಿ ಬಹಳಷ್ಟು ವ್ಯಂಜನದಲ್ಲಿ ಮುಗಿಯುತ್ತವೆ, ರಿಷಬ್, ಅದ್ವಿತ್, ಆರ್ಯನ್ ಹೀಗೆ. ಎಳೆಯಲು ಅಲ್ಲಿ ಏನೂ ಇಲ್ಲ. ಆಗ ಅಜ್ಜಿ ತಾನಾಗಿ ಒಂದು 'ಉ' ಸೇರಿಸುತ್ತಾಳೆ. ಮಗು ರಿಷಬ್ಬು, ಅದ್ವಿತ್ತು ಆಗುತ್ತದೆ. ಅಜ್ಜಿಯ ಕಿವಿ ತಪ್ಪಲ್ಲ, ಹೆಸರೇ ನಮ್ಮ ಬಾಯಿಗೆ ಅಳತೆ ಸಾಲದೆ ಬಂದದ್ದು. ಹಾಗೆಂದು ಇಡಲೇಬಾರದು ಅಂತಲ್ಲ. ಅಂಥ ಹೆಸರು ಇಡುವುದಾದರೆ ಸ್ವರದಲ್ಲಿ ಮುಗಿಯುವ ಚಿಕ್ಕದೊಂದನ್ನು ನೀವೇ ಜೊತೆಗೆ ಇಡಿ.

ಚಿಕ್ಕದು ಮಾಡುವ ದಾರಿಗಳು

ನಮ್ಮ ಕಡೆ ಸುಲಭದ ದಾರಿ ಬಾಲ ಕತ್ತರಿಸುವುದು. ಅಪ್ಪ, ಅಯ್ಯ, ಅಣ್ಣ, ಅಮ್ಮ, ಅವ್ವ ಇವನ್ನು ತೆಗೆದರೆ ಉಳಿಯುವ ತುಂಡಿಗೆ ಹೆಚ್ಚಿನ ಸಲ ಅರ್ಥ ಇರುತ್ತದೆ. ಪೊನ್ನಪ್ಪನಲ್ಲಿ ಹೊನ್ನು, ಬೆಳ್ಳಿಯಪ್ಪನಲ್ಲಿ ಬೆಳ್ಳಿ, ಮುತ್ತಮ್ಮನಲ್ಲಿ ಮುತ್ತು, ಪೂವಯ್ಯನಲ್ಲಿ ಹೂವು, ತಂಗಮ್ಮನಲ್ಲಿ ಮತ್ತೆ ಚಿನ್ನ. ಹಳೆಯ ಹೆಸರು ಎಂದು ಮೂಗು ಮುರಿಯುವ ಮೊದಲು ಈ ತುಂಡನ್ನೊಮ್ಮೆ ಬಾಯಲ್ಲಿ ಆಡಿಸಿ ನೋಡಿ. 'ಮುತ್ತು' ಎಂಬ ಎರಡಕ್ಷರಕ್ಕಿಂತ ಚೆಂದದ್ದನ್ನು ಯಾವ ಹೆಸರಿನ ಪುಸ್ತಕವೂ ನನಗೆ ಇನ್ನೂ ಕೊಟ್ಟಿಲ್ಲ.

ಎರಡನೆಯದು ಮೊದಲಕ್ಷರ ಹಿಡಿದು 'ಉ' ಅಥವಾ 'ಇ' ಸೇರಿಸುವುದು: ದೇಚಮ್ಮ ದೇಚು, ಬೋಪಣ್ಣ ಬೋಪು, ಚೋಂದಮ್ಮ ಚೋಂದು, ನಂಜಪ್ಪ ನಂಜು. ಇನ್ನೊಂದು ಕನ್ನಡದ ಹಳೆಯ ವಿದ್ಯೆ, ಒತ್ತಕ್ಷರವನ್ನು ಮೆತ್ತಗೆ ಮಾಡುವುದು. ಕೃಷ್ಣ ಕಿಟ್ಟಿ, ಲಕ್ಷ್ಮಿ ಲಚ್ಚಿ, ಸುಬ್ರಹ್ಮಣ್ಯ ಸುಬ್ಬು. ಮಕ್ಕಳ ಬಾಯಿಗೆ 'ಕ್ಷ', 'ಷ್ಣ' ಬರುವುದಿಲ್ಲ, ಅಣ್ಣನೋ ಅಕ್ಕನೋ ತೊದಲಿದ್ದೇ ತಮ್ಮನ ಹೆಸರಾಗಿ ನಿಲ್ಲುತ್ತದೆ. ಮನೆಯಲ್ಲಿ ಮೂರು ವರ್ಷದ ದೊಡ್ಡ ಮಗು ಇದ್ದರೆ ಹೊಸ ಮಗುವಿನ ಹೆಸರನ್ನು ಅದರ ಬಾಯಲ್ಲಿ ಹೇಳಿಸಿ ಕೇಳಿ. ಮುಂದೆ ಏನಾಗಲಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ದೊಡ್ಡ ಹೆಸರಿಗೆ ಸಂಬಂಧವೇ ಇಲ್ಲದ ಮುದ್ದಿನ ಹೆಸರುಗಳೂ ಇವೆ: ಕುಟ್ಟ, ಚಿನ್ನು, ಪಾಪು, ಬೇಬಿ, ಬಾಬು. ಇವಕ್ಕೆ ನನ್ನ ಅರ್ಧ ಮನಸ್ಸಿನ ಒಪ್ಪಿಗೆ. ಒಂದು ತೊಂದರೆ, ಇವು ಎಲ್ಲರ ಮನೆಯಲ್ಲೂ ಇವೆ. ಆಮೇಲೆ ದೊಡ್ಡ ಕುಟ್ಟ, ಸಣ್ಣ ಕುಟ್ಟ, ಗದ್ದೆ ಮನೆ ಕುಟ್ಟ ಎಂದು ವಿಂಗಡಿಸಬೇಕು. ಕುಟ್ಟ ಎಂಬ ಊರೇ ಕೇರಳದ ಗಡಿಯಲ್ಲಿ ಬೇರೆ ಇದೆ. ಇನ್ನೊಂದು, ಇವು ಮಗುವಿನ ಜೊತೆ ಬೆಳೆಯುವುದಿಲ್ಲ. ಎಪ್ಪತ್ತು ದಾಟಿದ, ಗಟ್ಟಿ ದನಿಯ, ತೋಟವನ್ನೆಲ್ಲ ಒಬ್ಬರೇ ನೋಡಿಕೊಳ್ಳುವ 'ಬೇಬಿ ಆಂಟಿ'ಯರನ್ನು ನೀವೂ ಕಂಡಿರುತ್ತೀರಿ.

ಆರು ಭಾಷೆಯ ಬೇಲಿ

ಇದೊಂದನ್ನು ಕೊಡಗಿನವರು ಬೇರೆಯವರಿಗಿಂತ ಹೆಚ್ಚು ಗಮನಿಸಬೇಕು. ಒಂದೇ ಬಸ್ಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು, ತಮಿಳು ಕೇಳಿಬರುವ ಜಿಲ್ಲೆ ಇದು. ಚಿಕ್ಕ ಹೆಸರು ಎರಡಕ್ಷರದ್ದಾದ್ದರಿಂದ ಯಾವುದಾದರೂ ಭಾಷೆಯ ಯಾವುದಾದರೂ ಪದಕ್ಕೆ ಹೋಗಿ ಢಿಕ್ಕಿ ಹೊಡೆಯುವುದು ಸುಲಭ.

ಪೊನ್ನಪ್ಪನನ್ನು 'ಪೊನ್ನು' ಎಂದರೆ ಮನೆಯಲ್ಲಿ ಹೊನ್ನು. ಅದೇ ಹುಡುಗ ಮಂಗಳೂರಿನ ಹಾಸ್ಟೆಲಿಗೆ ಓದಲು ಹೋದರೆ, ತುಳುವಿನಲ್ಲಿ 'ಪೊಣ್ಣು' ಎಂದರೆ ಹುಡುಗಿ. ತಮಿಳಿನ ಆಡುಮಾತಿನಲ್ಲೂ ಅಷ್ಟೇ. ಹದಿನಾರರ ಹುಡುಗನಿಗೆ ಅದು ಎಷ್ಟು ದಿನದ ಗೋಳು ಎಂದು ಹೇಳಬೇಕಾಗಿಲ್ಲ. ಮೈಸೂರಿನ ಕಡೆಯಿಂದ ಮದುವೆಯಾಗಿ ಬಂದ ಸೊಸೆಯಂದಿರು ಮಗುವನ್ನು ಮುದ್ದಿನಿಂದ 'ಪುಟ್ಟು' ಎಂದು ಕರೆಯುತ್ತಾರೆ. ಇಲ್ಲಿ ಪುಟ್ಟು ಎಂದರೆ ತಿಂಡಿ: ನೂಪುಟ್ಟು, ಪಾಪುಟ್ಟು, ಕಡಂಬುಟ್ಟು. "ಪುಟ್ಟು ಎಲ್ಲಿ?" ಎಂದು ಸೊಸೆ ಕೇಳಿದರೆ ಅತ್ತೆ ಹಬೆ ಪಾತ್ರೆಯ ಮುಚ್ಚಳ ತೆಗೆದು ತೋರಿಸುತ್ತಾರೆ.

ಹಾಗಾಗಿ ಆರಿಸಿದ ಚಿಕ್ಕ ಹೆಸರನ್ನು ಒಂದು ವಾರ ಬೇರೆ ಬೇರೆ ಮನೆಮಾತಿನವರ ಎದುರು ಆಡಿ ನೋಡಿ. ತೋಟದ ಕೆಲಸಕ್ಕೆ ಬರುವವರು, ಅಂಗಡಿಯ ಕಾಕ, ಸುಳ್ಯದ ನೆಂಟರು, ಇಷ್ಟು ಜನ ಸಾಕು. ಯಾರಾದರೂ ತುಟಿ ಕಚ್ಚಿ ನಗು ತಡೆದರೆ ಕಾರಣ ಕೇಳಿ ತಿಳಿದುಕೊಳ್ಳಿ.

ಬರೆಯುವ ಹೆಸರಿನ ಮೂರು ಕೋಣೆ

ಕೊಡಗಿನ ಹೆಸರು ಮನೆಯ ಹಾಗೆ, ಒಳಗೆ ಕೋಣೆಗಳಿವೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದಾಗ ಕೊಡಂದೇರ ಒಕ್ಕದ ಹೆಸರು, ಕೊಡವ ತಕ್ಕ್‌ನಲ್ಲಿ ಮನೆಪೆದ. ಮಾದಪ್ಪ ತಂದೆ. ಕಾರ್ಯಪ್ಪ ಅವರದೇ ಹೆಸರು. ನಮ್ಮ ಅರೆಭಾಷೆಯ ಮನೆಗಳಲ್ಲೂ ಮನೆತನದ ಹೆಸರು ಮುಂದೆಯೇ ಬರುತ್ತದೆ. ಬ್ರಿಟಿಷರ ವಿರುದ್ಧ ಬಂಡೆದ್ದು 1837ರಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ನೆನೆಯುವಾಗ ಗುಡ್ಡೆಮನೆ ಬಿಟ್ಟು ಯಾರೂ ಹೇಳುವುದಿಲ್ಲ. ಕೊಡಗಿನ ಮಾಪಿಳ್ಳೆ ಮುಸ್ಲಿಂ ಕುಟುಂಬಗಳಲ್ಲೂ ಮನೆಹೆಸರುಗಳಿವೆ.

ಮನೆಹೆಸರು ಅಲಂಕಾರಕ್ಕಲ್ಲ. ವಂಶದಿಂದ ಬರುವ ಜಮ್ಮಾ ಆಸ್ತಿಯ ಕಾಗದದಲ್ಲಿ ಅದು ಬೇಕು. ಮದುವೆ ಮಾತುಕತೆಯಲ್ಲಿ ಮೊದಲ ಪ್ರಶ್ನೆ "ಯಾವ ಮನೆ?" ಎರಡನೆಯದು "ತಾಮನೆ ಯಾವುದು?", ಅಂದರೆ ತಾಯಿಯ ತವರು. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ತಂಡ ಕಟ್ಟುವುದೇ ಒಕ್ಕದ ಹೆಸರಿನಲ್ಲಿ.

ತೊಡಕು ಬರುವುದು ಊರು ದಾಟಿದಾಗ. ಹೊರಗಿನ ಫಾರಂ 'ಮೊದಲ ಹೆಸರು, ಕೊನೆಯ ಹೆಸರು' ಎಂದು ಕೇಳುತ್ತದೆ. ನಮ್ಮ ಮೊದಲನೆಯದು ಮನೆಹೆಸರು. ಹಾಗೇ ತುಂಬಿದರೆ ಬೆಂಗಳೂರಿನ ಬ್ಯಾಂಕಿನವರೂ ವಿಮಾನದವರೂ ಹುಡುಗಿಯನ್ನು ಒಕ್ಕದ ಹೆಸರಿನಿಂದಲೇ ಕರೆಯುತ್ತಾರೆ. ಅಣ್ಣ, ತಂಗಿ, ಚಿಕ್ಕಪ್ಪ ಜೊತೆಯಲ್ಲಿದ್ದರೆ ನಾಲ್ವರಿಗೂ ಅದೇ ಹೆಸರು!

ಈಗಿನ ತಲೆಮಾರು ಇದಕ್ಕೆ ಒಂದು ದಾರಿ ಮಾಡಿಕೊಂಡಿದೆ. ಟೆನಿಸ್ ಆಡುವ ಮಚ್ಚಂಡ ರೋಹನ್ ಬೋಪಣ್ಣ, ಬ್ಯಾಡ್ಮಿಂಟನ್ ಆಡುವ ಮಾಚಿಮಂಡ ಅಶ್ವಿನಿ ಪೊನ್ನಪ್ಪ, ಈ ಇಬ್ಬರ ಹೆಸರು ನೋಡಿ. ಮನೆಹೆಸರು ಮುಂದೆ, ಕರೆಯುವ ಸ್ವಂತ ಹೆಸರು ನಡುವೆ, ತಂದೆಯ ಹೆಸರು ಕೊನೆಗೆ. ಹಳೆಯ ಕ್ರಮದಲ್ಲಿ ತಂದೆ ನಡುವೆ ಇದ್ದ, ಈಗ ಕೊನೆಗೆ ಸರಿದ. ಜಗತ್ತು ಅವರನ್ನು ರೋಹನ್, ಅಶ್ವಿನಿ ಎನ್ನುತ್ತದೆ. ಬೋಪಣ್ಣ, ಪೊನ್ನಪ್ಪ ಎಂದ ಕೂಡಲೇ ಕೊಡಗಿನವರು ಎಂದು ನಮಗೆ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ: ಮಗುವಿನ ಸ್ವಂತ ಹೆಸರು, ಅದರ ಜೊತೆ ಇನ್ನೊಂದೇ ಹೆಸರು, ಎರಡೂ ಪೂರ್ತಿ ಅಕ್ಷರಗಳಲ್ಲಿ. ಆ ಇನ್ನೊಂದು ತಂದೆಯದೋ, ತಾಯಿಯದೋ, ಮನೆಹೆಸರೋ ನಿಮ್ಮಿಷ್ಟ. ಮೂರನೆಯದು ಬೇಕೇ ಬೇಕು ಎಂದರೆ ಅದನ್ನೂ ಪೂರ್ತಿ ಬರೆಸಿ. ಇನಿಷಿಯಲ್ ಮಾತ್ರ ಬೇಡ. ನಾವು ಶಾಲೆಯಲ್ಲಿ 'ಕೆ.ಎಂ.' 'ಪಿ.ಎಸ್.' ಎಂದು ಬರೆದದ್ದರ ಫಲ ಈಗ ಪಾಸ್‌ಪೋರ್ಟು, ಪ್ಯಾನ್ ಮಾಡಿಸುವವರು ಉಣ್ಣುತ್ತಿದ್ದಾರೆ. ಅಲ್ಲಿ ಚುಕ್ಕೆಯಿಟ್ಟ ಅಕ್ಷರ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಒಂದೇ ಪದದ ಹೆಸರನ್ನು ಇಡುವ ಮನೆಗಳಿಗೂ ಒಂದು ಮಾತು. 2022ರ ನವೆಂಬರಿನಲ್ಲಿ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟು ಇರುವವರಿಗೆ ಪ್ರವಾಸಿ ವೀಸಾದಲ್ಲಿ ಬರಗೊಡುವುದಿಲ್ಲ ಎಂದಾಗ ಕೊಲ್ಲಿಗೆ ಹೋಗಿಬರುವ ನೆಂಟರಿದ್ದವರೆಲ್ಲ ಗಾಬರಿಯಾದರು. ಎರಡು ಪದ ಇದ್ದರೆ ಆ ತಲೆನೋವಿಲ್ಲ.

ಹೆಣ್ಣುಮಗುವಿನ ವಿಷಯದಲ್ಲಿ ಇನ್ನಷ್ಟು ಯೋಚಿಸಿ. ಇಲ್ಲಿ ಮದುವೆಯಾದ ಮೇಲೆ ಮನೆಹೆಸರೂ ಕೊನೆಯ ಹೆಸರೂ ಬದಲಾಗುವ ರೂಢಿ. ಕಾನೂನು ಹಾಗೆ ಬದಲಿಸಬೇಕೆಂದು ಎಲ್ಲೂ ಹೇಳುವುದಿಲ್ಲ, ಬದಲಿಸದೆ ಇರುವವರೂ ಈಗ ಬಹಳ. ಹೇಗೇ ಆದರೂ ಅವಳ ಸ್ವಂತ ಹೆಸರು ಅಕ್ಕಪಕ್ಕದ ಎರಡನ್ನೂ ತೆಗೆದರೂ ಒಂಟಿಯಾಗಿ ನಿಲ್ಲುವಂತಿರಬೇಕು. ಕೊನೆತನಕ ಅವಳ ಜೊತೆ ಬರುವುದು ಅದೊಂದೇ.

ಹೊಸ ಹೆಸರೋ, ತಾತನ ಹೆಸರೋ ಎಂದು ಮನೆಯಲ್ಲಿ ಜಗಳವಾದರೆ ಕಾಗದದಲ್ಲಿ ಹೊಸದು, ಕೂಗಲು ಹಳೆಯದರ ತುಂಡು ಎಂದು ಹಂಚಿಕೊಳ್ಳಿ. ಅಥವಾ ಅದರ ಉಲ್ಟಾ. ತಾತನಿಗೆ ಬೇಕಾಗಿರುವುದು ತನ್ನ ಹೆಸರು ದಿನಾ ಕಿವಿಗೆ ಬೀಳುವುದು. ಪಾಸ್‌ಪೋರ್ಟಿನಲ್ಲಿ ಏನಿದೆ ಎಂದು ಅವರು ತೆಗೆದು ನೋಡುವುದಿಲ್ಲ.

ನಕ್ಷತ್ರದ ಅಕ್ಷರ ಬಂದಾಗ

ಜಾತಕ ಬರೆಸುವ ಮನೆಯವರಿಗೆ ಮಾತ್ರ ಇದು. 27 ನಕ್ಷತ್ರ, ಒಂದೊಂದಕ್ಕೆ 4 ಪಾದ, ಒಟ್ಟು 108 ಅಕ್ಷರಗಳು. ಅಶ್ವಿನಿಗೆ ಚೂ, ಚೇ, ಚೋ, ಲಾ. ರೋಹಿಣಿಗೆ ಓ, ವಾ, ವೀ, ವೂ. ಇಲ್ಲಿಯವರೆಗೆ ಸುಖ. ಆರ್ದ್ರಾ ಮೂರನೇ ಪಾದದಲ್ಲಿ ಹುಟ್ಟಿದರೆ ಅಕ್ಷರ 'ಙ'. ಹಸ್ತದ ಮೂರನೇ ಪಾದಕ್ಕೆ 'ಣ'. ಇವುಗಳಿಂದ ಶುರುವಾಗುವ ಹೆಸರು ಯಾರಿಗಾದರೂ ಗೊತ್ತಿದ್ದರೆ ನಾನು ಅವರ ಕಾಲಿಗೆ ಬೀಳುತ್ತೇನೆ.

ಹಿಂದಿನವರು ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಶಾಸ್ತ್ರದ ನಾಮಕರಣದಲ್ಲಿ ನಕ್ಷತ್ರನಾಮ, ಮಾಸನಾಮ, ವ್ಯವಹಾರನಾಮ ಬೇರೆ ಬೇರೆ. ನಕ್ಷತ್ರದ್ದು ಪೂಜೆ ಸಂಕಲ್ಪಕ್ಕೆ, ವ್ಯವಹಾರದ್ದು ಲೋಕಕ್ಕೆ. ಅಕ್ಷರ ಒಗ್ಗದಿದ್ದರೆ ಅದನ್ನು ಜಾತಕದಲ್ಲೇ ಬಿಟ್ಟು, ವ್ಯವಹಾರಕ್ಕೆ ನಿಮಗೆ ಬೇಕಾದದ್ದನ್ನು ಇಡಿ. ಸಂಖ್ಯಾಶಾಸ್ತ್ರ ನೋಡಿಸಿ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಇನ್ನೊಂದು 'ಎ', ಇನ್ನೊಂದು 'ಎಚ್' ಸೇರಿಸುವವರ ಬಗ್ಗೆ ನನಗೆ ಸಹನೆ ಕಡಿಮೆ. ಆ ಒಂದು ಅಕ್ಷರದ ಸಾಲವನ್ನು ಮಗು ಪ್ರತಿ ಕೌಂಟರಿನಲ್ಲೂ ತೀರಿಸುತ್ತಾ ಇರಬೇಕು.

ಕಾಗುಣಿತ ಗಟ್ಟಿ ಮಾಡಿಕೊಳ್ಳಿ

ಮೊದಲು ಕನ್ನಡದಲ್ಲಿ ಬರೆಯಿರಿ, ದೊಡ್ಡ ಅಕ್ಷರದಲ್ಲಿ. ನ ಮತ್ತು ಣ, ಲ ಮತ್ತು ಳ, ಶ ಮತ್ತು ಷ ಯಾವುದು ಎಂದು ಮನೆಯವರೆಲ್ಲ ಒಪ್ಪಬೇಕು. ಫೀಲ್ಡ್ ಮಾರ್ಷಲರ ಹೆಸರೇ ನೋಡಿ: ಮಡಿಕೇರಿಯ ಕಾಲೇಜಿನ ಹೆಸರಲ್ಲಿ ಕಾರ್ಯಪ್ಪ, ಬೇರೆ ಕಡೆ ಕಾರಿಯಪ್ಪ, ಇನ್ನೂ ದೂರ ಹೋದರೆ ಕರಿಯಪ್ಪ. ಅಷ್ಟು ದೊಡ್ಡವರಿಗೆ ಅದು ನಡೆಯಿತು. ನಮ್ಮ ಮಕ್ಕಳಿಗೆ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನಡೆಯುವುದಿಲ್ಲ.

ಆಮೇಲೆ ಇಂಗ್ಲಿಷ್. ತಿಮ್ಮಯ್ಯ, ದೇವಯ್ಯ, ಪೂವಯ್ಯ ಇವುಗಳ ಕೊನೆ 'ಎ-ಐ-ಎ-ಎಚ್' ಎಂದೋ, 'ಎ-ವೈ-ವೈ-ಎ' ಎಂದೋ? ತಂದೆಯ ಆಧಾರ್ ಕಾರ್ಡು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎದುರಿಗಿಟ್ಟುಕೊಂಡು, ಅಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ನಿಮಗೆ ಅದು ಚೆಂದ ಕಾಣದಿದ್ದರೂ ಹಾಗೇ. ಮನೆಹೆಸರಿನ ಕೊನೆಗೆ ಬರುವ '-ಂಡ' ಇಂಗ್ಲಿಷಿಗೆ ಹೋಗಿ ಕಂಪ್ಯೂಟರಿನ ಮೂಲಕ ಮತ್ತೆ ಕನ್ನಡಕ್ಕೆ ಬಂದಾಗ '-ಂದ' ಆಗಿರುತ್ತದೆ. ಮಚ್ಚಂಡ ಹೋಗಿ ಮಚ್ಚಂದ! ಪ್ರಿಂಟ್ ಕೈಗೆ ಬಂದ ಕೂಡಲೇ, ಕೌಂಟರ್ ಬಿಟ್ಟು ಕದಲುವ ಮೊದಲೇ, ಕನ್ನಡದ ಸಾಲನ್ನು ಓದಿ. ಎಲ್ಲರೂ ಇಂಗ್ಲಿಷ್ ಸಾಲನ್ನೇ ನೋಡಿ ಮಡಚಿ ಜೇಬಿಗಿಡುತ್ತಾರೆ.

ನೋಂದಣಿ: ಅವಸರ ಎಲ್ಲಿ, ಸಮಾಧಾನ ಎಲ್ಲಿ

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮಾಹಿತಿ ಕೊಡುವುದು ಆಸ್ಪತ್ರೆಯ ಹೊಣೆ, ಮನೆಯಲ್ಲಾದರೆ ಮನೆಯವರದು. ನೋಂದಣಿ ನಡೆಯುವುದು ಮಗು ಹುಟ್ಟಿದ ಜಾಗದಲ್ಲಿ, ನೀವು ವಾಸಿಸುವ ಜಾಗದಲ್ಲಲ್ಲ. ನಮ್ಮವರು ಹೆರಿಗೆಗೆ ಮೈಸೂರು, ಮಂಗಳೂರು, ಸುಳ್ಯ ಎಂದು ಬೆಟ್ಟ ಇಳಿಯುವುದೇ ಹೆಚ್ಚು; ಹಾಗೆ ಹುಟ್ಟಿದ ಮಗುವಿನ ಪ್ರಮಾಣಪತ್ರಕ್ಕೆ ಮಡಿಕೇರಿಯಲ್ಲಿ ವಿಚಾರಿಸಿ ಪ್ರಯೋಜನವಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು: 21 ದಿನದ ಗಡುವು ಹುಟ್ಟಿದ್ದನ್ನು ಬರೆಸಲು, ಹೆಸರನ್ನು ಬರೆಸಲು ಅಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಬಹುದು. 12 ತಿಂಗಳೊಳಗೆ ಹೆಸರು ಕೊಟ್ಟರೆ ಶುಲ್ಕವಿಲ್ಲ, ಅದು ದಾಟಿದರೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಹಾಗಾಗಿ ಡಿಸ್ಚಾರ್ಜಿನ ದಿನ ಫಾರಂ ಹಿಡಿದು ಬಂದವರು "ಹೆಸರು ಹೇಳಿ, ಬೇಗ" ಎಂದರೆ, "ಇನ್ನೂ ಇಟ್ಟಿಲ್ಲ, ಖಾಲಿ ಬಿಡಿ" ಎನ್ನಿ. ಗಟ್ಟಿಯಾಗಿ ಎನ್ನಿ.

ನಾವು ಎನ್ನಲಿಲ್ಲ. ನನ್ನ ಮಗಳು ಹುಟ್ಟಿದ್ದು ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಯಲ್ಲಿ. ಫಾರಂ ಬಂದಾಗ ನಾನು ನಿದ್ದೆಯಲ್ಲಿದ್ದೆ, ಇವರು ಬಿಲ್ಲು ಕಟ್ಟಲು ಹೋಗಿದ್ದರು. ಪಕ್ಕದಲ್ಲಿ ಕೂತಿದ್ದ ಅತ್ತೆಯನ್ನು "ಮಗೂನ ಏನಂತ ಕರೀತೀರಿ?" ಎಂದು ಕೇಳಿದ್ದಾರೆ. ಅತ್ತೆ ನಿಜ ಹೇಳಿದ್ದಾರೆ: "ಚಿನ್ನು." ಪ್ರಮಾಣಪತ್ರದಲ್ಲಿ ಚಿನ್ನು. ಶಾಲೆಯಲ್ಲಿ ಬೇರೆ ಹೆಸರು, ಅಂಕಪಟ್ಟಿಯಲ್ಲಿ ಅದೇ ಬೇರೆ ಹೆಸರು. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ಟು ಮಾಡಿಸಿ, ಲ್ಯಾಮಿನೇಷನ್ ಹಾಕಿ, ಆ ಹುಡುಗಿ ಕೆಲಸಕ್ಕೆ ಸೇರುವವರೆಗೂ ಫೈಲಿನಲ್ಲಿ ಹೊತ್ತುಕೊಂಡು ತಿರುಗಿದ್ದಾಳೆ. ಕಾಗುಣಿತದ ತಪ್ಪು ತಿದ್ದಲು ಕಾಯ್ದೆಯ 15ನೇ ಸೆಕ್ಷನ್ ಇದೆ. ಮನಸ್ಸು ಬದಲಾದದ್ದಕ್ಕೆ ಅಷ್ಟು ಸುಲಭದ ದಾರಿ ಇಲ್ಲ.

ಆಗ ಹೇಗೋ ನಡೆಯಿತು. ಈಗ ನಡೆಯುವುದು ಕಷ್ಟ. ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿದೆ. ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ಕೆಲಸ ಎಲ್ಲಕ್ಕೂ ಹುಟ್ಟಿದ ದಿನಾಂಕ, ಸ್ಥಳಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದರಲ್ಲಿರುವ ಹೆಸರು ಎಲ್ಲ ಕಡೆ ಹಿಂಬಾಲಿಸಿಕೊಂಡು ಬರುತ್ತದೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಬಾಲ ಆಧಾರ್ ಮಾಡಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚು ಬೇಡ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಅದನ್ನು ತೊಟ್ಟಿಲಲ್ಲೇ ಖರ್ಚು ಮಾಡಬೇಡಿ. ತಾಯಿ ಕಾರ್ಡಿನಲ್ಲೂ, ಅಂಗನವಾಡಿ ಪುಸ್ತಕದಲ್ಲೂ ಅದೇ ಕಾಗುಣಿತ ಇದೆಯೇ ಎಂದು ನೋಡಿಕೊಳ್ಳಿ.

ಕೂಗುವ ಹೆಸರು ಯಾವ ಸರ್ಕಾರಿ ಕಾಗದಕ್ಕೂ ಹತ್ತಬಾರದು. ಹಳೆಯ ಪಹಣಿ, ವಂಶವೃಕ್ಷಗಳಲ್ಲಿ 'ಉರುಫ್' ಎಂದು ಎರಡೆರಡು ಹೆಸರು ಹಾಕಿರುತ್ತಾರಲ್ಲ, ಆಸ್ತಿ ಭಾಗದ ದಿನ ವಕೀಲರಿಗೆ ಕೆಲಸ ಸಿಗುವುದೇ ಆ ಪದದಿಂದ.

ತೊಟ್ಟಿಲ ದಿನ ಮತ್ತು ಆಮೇಲೆ

ಯಾವ ದಿನ ಎಂಬುದು ಅವರವರ ಮನೆಯ ಪದ್ಧತಿ. ಸೂತಕ ಕಳೆದು ಹನ್ನೊಂದೋ ಹನ್ನೆರಡೋ ದಿನಕ್ಕೆ ಕೆಲವರು, ಏಳನೇ ದಿನ ಅಖೀಕಾ ಮಾಡುವವರು, ಜ್ಞಾನಸ್ನಾನದ ದಿನ ಹೆಸರಿಡುವವರು. ಎರಡು ಹೆಸರನ್ನೂ ಅದೇ ದಿನ ಹೇಳಿಬಿಡಿ ಅನ್ನುವುದಷ್ಟೇ ನನ್ನ ಸಲಹೆ.

ಕಳೆದ ವರ್ಷ ನಾದಿನಿಯ ಮೊಮ್ಮಗಳಿಗೆ ಹಾಗೆ ಮಾಡಿದೆವು. ತಟ್ಟೆಯಲ್ಲಿ ಅಕ್ಕಿ ಹರವಿ, ಅರಿಶಿನ ಕೊಂಬಿನಿಂದ ಮಗುವಿನ ಅಪ್ಪ ದೊಡ್ಡ ಹೆಸರು ಬರೆದ. ನಾಲ್ಕಕ್ಷರ ಬರೆಯುವಷ್ಟರಲ್ಲಿ ತಟ್ಟೆ ತುಂಬಿತು, ಒತ್ತಕ್ಷರಕ್ಕೆ ಜಾಗವಿಲ್ಲ. ಅಳಿಸಿ ಇನ್ನೊಮ್ಮೆ ಬರೆದ. ಮುತ್ತಜ್ಜಿ ತೊಟ್ಟಿಲ ಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದರು, ದೊಡ್ಡದನ್ನು ಒಂದು ಸಲ, ಚಿಕ್ಕದನ್ನು ಎರಡು ಸಲ. "ದೊಡ್ಡದು ನನಗೆ ನೆನಪಿರಲ್ಲ ಮಗಾ, ಅದಕ್ಕೆ" ಅಂದರು ಅಮ್ಮನ ಕಡೆ ತಿರುಗಿ.

ಆ ದಿನವೇ ಎರಡೂ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ. ಫ್ಯಾಮಿಲಿ ಗ್ರೂಪಿಗೆ ಅದರ ಫೋಟೋ ಹಾಕಿ. ಮೊದಲ ತಿಂಗಳಲ್ಲಿ ಅತ್ತೆ, ಮಾವ, ಚಿಕ್ಕಮ್ಮಂದಿರು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯಲು ಶುರುಮಾಡುತ್ತಾರೆ. ಬೈಯಬೇಡಿ. ನೀವು ಮಾತ್ರ ಆರಿಸಿದ್ದನ್ನೇ ಕೂಗುತ್ತಾ ಇರಿ. ಅಮ್ಮ ದಿನವಿಡೀ ಕೂಗುವ ಹೆಸರೇ ಕಡೆಗೆ ಗೆಲ್ಲುತ್ತದೆ.

ಮಗುವಿಗೆ ಎರಡು ವರ್ಷವಾದ ಮೇಲೆ ದೊಡ್ಡ ಹೆಸರನ್ನೂ ಬಳಕೆಗೆ ತನ್ನಿ. ಸ್ನಾನ ಮಾಡಿಸುವಾಗ, ಊಟಕ್ಕೆ ಕೂರಿಸುವಾಗ ಒಮ್ಮೊಮ್ಮೆ ಪೂರ್ತಿ ಹೆಸರು ಹಿಡಿದು ಕರೆಯಿರಿ. ಬೈಯುವಾಗ ಮಾತ್ರ ಬೇಡ. ಬಹಳ ಮನೆಗಳಲ್ಲಿ ಪೂರ್ತಿ ಹೆಸರು ಹೊರಬರುವುದು ಬೆನ್ನಿಗೆ ಪೆಟ್ಟು ಬೀಳುವ ಮೊದಲು ಅಷ್ಟೇ, ಅಂಥ ಮಕ್ಕಳು ಹಾಜರಿ ಕೂಗಿದರೆ ಬೆಚ್ಚಿಬೀಳುತ್ತಾರೆ. ಶಾಲೆಗೆ ಸೇರಿಸುವ ದಿನ ಟೀಚರ್ ಹತ್ತಿರ ಹೋಗಿ ಎರಡನೇ ಹೆಸರನ್ನೂ ಮೆಲ್ಲಗೆ ಹೇಳಿಬಿಡಿ. ಹಾಜರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅದನ್ನು ಬರೆದುಕೊಳ್ಳುವ ಅಭ್ಯಾಸ ನನಗಿತ್ತು. ಸಣ್ಣದಾಗಿ, ಅಳಿಸಿದರೆ ಹೋಗುವ ಹಾಗೆ.